ಹದಿನೆಂಟು ಸಾವಿರ ನಡೆದು ಹದಿನೈದು ಸಾವಿರ ಹಾರಿದ್ದು

ಎಣ್ಣೆ ಮುಗಿದ ನೂರಾ ಹನ್ನೊಂದನೆಯ ವರ್ಷ, ಶ್ರಾವಣ ಬಹುಳ ಚೌತಿ
ಪುಂತಾ ಅರೇನಾಸ್, ಭೂಮಿಯ ತೆಂಕಣ ತುದಿ

ನಮಗಿಂತ ಮುಂಚೆ ಹಾರಿದವರಿಗೆ,

ಕಲಬುರಗಿ ವಿಮಾನ ನಿಲ್ದಾಣದ ಬೇಳೆ ಗಿರಣಿಯ ಚಂದಮ್ಮನ ಶರಣಾರ್ಥಿಗಳು. ಮೇಲೆ ಬರೆದ ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ನೀವು ಎಣಿಸುವ ವರ್ಷಗಳ ಲೆಕ್ಕ ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಮುರಿದುಹೋಗಿತ್ತು, ಹೊಸದಾಗಿ ಒಂದರಿಂದ ಶುರು ಮಾಡಿದೆವು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ಅಷ್ಟಕ್ಕಷ್ಟೇ. ತೊಗರಿ ಒಡೆದು ಬೇಳೆ ಮಾಡುವುದರಲ್ಲಿ ಕೂದಲು ನೆರೆತವಳು. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರೆಲ್ಲ ಹೇಳುತ್ತದೆ, ಅದು ನಿಜವೂ ಹೌದು.

ನಾನು ನಿಮಗೆ ಬರೆಯುತ್ತಿರುವುದಕ್ಕೆ ಇಲ್ಲಿಯ ಒಂದು ಪದ್ಧತಿ ಕಾರಣ. ಯಾರ ಸಲುವಾಗಿ ಊರು ನಡೆಯುತ್ತದೋ ಅವರು ಆ ನಡಿಗೆಯನ್ನು ನಿಂತು ನೋಡಬಾರದಂತೆ. ಒಳಗೆ ಒಲೆಯ ಹತ್ತಿರ ಕೂತು ಹಿಂದೆ ಆಗಿಹೋದವರಿಗೆ ಒಂದು ಕಾಗದ ಬರೆಯಬೇಕಂತೆ. ಹೊರಗೆ ಈಗ ಗಾಳಿ ಕೂಗುತ್ತಿದೆ. ಆ ಗಾಳಿಯಲ್ಲಿ ಹೆಸರೂ ಗೊತ್ತಿಲ್ಲದ ಜನ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನನ್ನನ್ನು ಊರಿಗೆ ಕಳಿಸಲು ನಡೆಯುತ್ತಿದ್ದಾರೆ. ಉಳಿದವರೆಲ್ಲ ತಮ್ಮ ಅಜ್ಜ ಮುತ್ತಜ್ಜಂದಿರಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತೇನೆ, ಯಾಕೆಂದರೆ ನಿಲ್ದಾಣ ಕಟ್ಟಿದವರು ನೀವು, ಅದರ ಗೋಡೆಯ ಮೇಲೆ ನಕಾಶೆ ಬರೆದವರೂ ನೀವೇ.

ನಡೆಯುವುದು ಎಂದರೆ ಏನೆಂದು ಮೊದಲು ಹೇಳಬೇಕು. ನಿಮ್ಮ ಕಾಲದಲ್ಲಿ ಯಾರು ಬೇಕಾದರೂ ಟಿಕೀಟು ಕೊಂಡು ಹಾರುತ್ತಿದ್ದರಂತೆ. ಇಂಥ ಊರಿನಿಂದ ಇಂಥ ಊರಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಯಂತ್ರವನ್ನು ಕೇಳಿದರೆ, ಕೇಳಿ ಮುಗಿಯುವುದರೊಳಗೆ ಅದು ಉತ್ತರ ಕೊಡುತ್ತಿತ್ತಂತೆ. ಹೋಗದಿರುವವರೂ ಸುಮ್ಮನೆ ಕೂತು ಕೇಳುತ್ತಿದ್ದರಂತೆ! ನಮ್ಮಲ್ಲಿ ಹಾರುಬಂಡಿಗಳು ಬೆರಳೆಣಿಕೆಯಷ್ಟು. ಅವು ಪಾಚಿಯೆಣ್ಣೆಯಲ್ಲಿ ಓಡುತ್ತವೆ, ಆ ಎಣ್ಣೆ ಕೊಳಗಳಲ್ಲಿ ಬೆಳೆಯಲು ತಿಂಗಳುಗಟ್ಟಲೆ ಬೇಕು. ಹಡಗಿಗೆ ಕಾಯಲಾರದ ಸಂಕಟ ಇದ್ದವರಿಗೆ ಮಾತ್ರ ಅದರಲ್ಲಿ ಜಾಗ. ಆದರೆ ಸಂಕಟ ಯಾರಿಗಿಲ್ಲ? ಯಾರದು ದೊಡ್ಡದು ಎಂದು ತೂಗುವವರು ಯಾರು? ಜಗಳವಾಡಿ ಜಗಳವಾಡಿ ಸಾಕಾಗಿ, ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿದರು. ಎಷ್ಟು ದೂರ ಹಾರಬೇಕೋ ಅಷ್ಟು ದೂರವನ್ನು ಊರಿನವರು ಮೊದಲು ಕಾಲಿನಲ್ಲಿ ನಡೆದು ತೀರಿಸಬೇಕು. ಹೋಗುವವಳು ಒಬ್ಬಳೇ ಅಲ್ಲ, ಅವಳಿಗಾಗಿ ಮನಸ್ಸಿರುವವರೆಲ್ಲ ನಡೆಯಬಹುದು, ಎಲ್ಲರ ನಡಿಗೆಯನ್ನೂ ಕೂಡಿಸುತ್ತಾರೆ. ಇದಕ್ಕೆ ನಡೆಹರಕೆ ಎಂದು ಹೆಸರು. ನಡೆದು ಮುಗಿಯಿತೆಂದು ಊರು ಆಣೆ ಮಾಡಿ ಹೇಳಿದ ಮೇಲೆ ಬಂಡಿ ಬರುತ್ತದೆ. ಎಷ್ಟು ನಡೆದಿರಿ, ಹೇಗೆ ಅಳೆದಿರಿ ಎಂದು ಬಂಡಿಯವರು ಕೇಳುವುದಿಲ್ಲ. ಹೋಗುವ ದಾರಿಯನ್ನು ತವರಿನವರು ನಡೆಯಬೇಕು, ಬರುವ ದಾರಿಯನ್ನು ಹೋದ ಊರಿನವರು ನಡೆಯಬೇಕು. ಅಲ್ಲಿ ನಿನಗಾಗಿ ಕಾಲು ಎತ್ತುವವರು ಇಲ್ಲದಿದ್ದರೆ ಅಲ್ಲೇ ಇರು.

ನಮ್ಮಲ್ಲಿ ನಡೆಯುವುದು ನಿಮ್ಮ ರನ್‌ವೇ ಮೇಲೆ. ಅದನ್ನು ಕರಿಪಟ್ಟಿ ಎನ್ನುತ್ತೇವೆ. ಸುತ್ತ ಎರೆಮಣ್ಣಿನ ಹೊಲ, ಮಳೆ ಬಿದ್ದರೆ ಒಂದು ಹೆಜ್ಜೆಗೆ ಒಂದು ಸೇರು ಕೆಸರು ಕಾಲಿಗೆ ಅಂಟುತ್ತದೆ. ಕರಿಪಟ್ಟಿ ಮಾತ್ರ ಗಟ್ಟಿ. ನೀವು ಸಾಲು ನಿಲ್ಲುತ್ತಿದ್ದ ಹಜಾರದಲ್ಲಿ ನಮ್ಮ ಗಿರಣಿ ಇದೆ. ಚೀಲ ತೂಗುತ್ತಿದ್ದ ತಕ್ಕಡಿಯಲ್ಲಿ ತೊಗರಿ ತೂಗುತ್ತೇವೆ. ನಿಮ್ಮ ಪೆಟ್ಟಿಗೆಗಳನ್ನು ಹೊತ್ತು ಸುತ್ತುತ್ತಿದ್ದ ರಬ್ಬರ್ ಪಟ್ಟಿಯ ಮೇಲೆ ಹಪ್ಪಳ ಒಣಗುತ್ತದೆ. ಚೀಲದೊಳಗೆ ಏನಿದೆ ಎಂದು ಇಣುಕುತ್ತಿದ್ದ ಯಂತ್ರದ ಗೂಡಿನಲ್ಲಿ ಪಕ್ಕದ ಮನೆಯ ಖಾಜಾಬಿಯ ಕೋಳಿಗಳು ಮೊಟ್ಟೆ ಇಡುತ್ತವೆ. ಆ ಹಜಾರದ ದೊಡ್ಡ ಗೋಡೆಯ ಮೇಲೆ ನೀವು ಬಿಟ್ಟುಹೋದ ಜಗತ್ತಿನ ನಕಾಶೆ ಇದೆ, ಎರಡಾಳು ಎತ್ತರದ್ದು. ಬಣ್ಣ ಮಾಸಿದೆ, ಆದರೆ ಊರುಗಳು ಕಾಣುತ್ತವೆ. ಊರಿಂದೂರಿಗೆ ನೀವು ಬಾಗಿದ ಗೆರೆಗಳನ್ನು ಎಳೆದಿದ್ದಿರಿ. ಆ ಬಾಗಿದ ಗೆರೆಗಳನ್ನು ನಾವು ರಂಗೋಲಿಯ ಹಾಗೆ ಚೆಂದಕ್ಕೆ ಎಳೆದದ್ದು ಎಂದುಕೊಂಡಿದ್ದೆವು. ನಾಲ್ಕು ತಲೆಮಾರು ಹಾಗೇ ಅಂದುಕೊಂಡೆವು.

ದೂರ ಅಳೆಯುವುದು ನೂಲುಗಾರನ ಕೆಲಸ. ನಮ್ಮ ನೂಲುಗಾರ ಭೀಮಶಾ, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಾನೆ. ಏಣಿ ಹತ್ತಿ, ಈ ಊರಿನ ಚುಕ್ಕೆಯಿಂದ ಆ ಊರಿನ ಚುಕ್ಕೆಗೆ ನೂಲನ್ನು ನೆಟ್ಟಗೆ ಎಳೆದು, ಆಮೇಲೆ ಆ ನೂಲನ್ನು ನಕಾಶೆಯ ಕೆಳಗಿರುವ ಅಳತೆಗೋಲಿಗೆ ಹಿಡಿದು, ಇಷ್ಟು ಸಾವಿರ ಎಂದು ಕೂಗುತ್ತಾನೆ. ಅವನ ಅಪ್ಪನೂ ಹಾಗೆ ಮಾಡಿದ, ಅಜ್ಜನೂ ಹಾಗೆ ಮಾಡಿದ. ಭೂಮಿ ಗುಂಡಗಿದೆ ಎಂದು ನಮ್ಮ ಶಾಲೆಯ ಪುಟ್ಟ ಮಕ್ಕಳಿಗೂ ಗೊತ್ತು, ಭೀಮಶಾನಿಗೂ ಗೊತ್ತು, ನನಗೂ ಗೊತ್ತು. ಗೊತ್ತಿರುವುದು ಬೇರೆ, ಕೈಯಲ್ಲಿ ನೂಲು ಹಿಡಿದಾಗ ನೆನಪಾಗುವುದು ಬೇರೆ.

ಈಗ ನನ್ನ ತಂಗಿಯ ವಿಷಯ. ನೀಲವ್ವ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳಿಗೆ ಇಪ್ಪತ್ತೊಂದು ತುಂಬಿದಾಗ ಹಾಯಿಹಡಗಿನಲ್ಲಿ ಅಡುಗೆಯವಳಾಗಿ ಹೋದಳು. ಎರಡು ವರ್ಷ ಸಮುದ್ರ ಸುತ್ತಿ ಬರುತ್ತೇನೆ ಎಂದವಳು ಇಲ್ಲಿ ಉಣ್ಣೆಗೆ ಬಣ್ಣ ಹಾಕುವವನೊಬ್ಬನನ್ನು ಮೆಚ್ಚಿ ಇಲ್ಲೇ ನಿಂತುಬಿಟ್ಟಳು. ದೂರದ ಬೆಟ್ಟ ನುಣ್ಣಗೆ ಎಂದು ನಾನು ಬೈದು ಕಳಿಸಿದ ಮಾತಿಗೆ, ಇಲ್ಲಿ ಬೆಟ್ಟವೂ ನುಣ್ಣಗಿಲ್ಲ, ಗಾಳಿಯೂ ನುಣ್ಣಗಿಲ್ಲ, ಆದರೆ ಮನುಷ್ಯ ಒಳ್ಳೆಯವನು ಎಂದು ಉತ್ತರ ಬಂತು. ಆಮೇಲೆ ನಾವು ಒಬ್ಬರನ್ನೊಬ್ಬರು ಕಣ್ಣಾರೆ ನೋಡಿದ್ದಿಲ್ಲ. ಮಾತಿನ ಪೆಟ್ಟಿಗೆಯಲ್ಲಿ ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದೆವು. ಐವತ್ತು ವರ್ಷ ಹೀಗೇ ಹೋಯಿತು. ಗಂಡ ಸತ್ತ, ಮಗ ಸತ್ತ, ಮೊಮ್ಮಗನ ಹೆಂಡತಿ ಇನೆಸ್ ಅವಳನ್ನು ನೋಡಿಕೊಳ್ಳುತ್ತಿದ್ದಳು.

ಹೋದ ಚೈತ್ರದಲ್ಲಿ ಇನೆಸ್ ಪೆಟ್ಟಿಗೆಯಲ್ಲಿ ಹಡಗುಮಾತಿನಲ್ಲಿ ಸುದ್ದಿ ಹೇಳಿದಳು. ಹಡಗುಮಾತು ಎಂದರೆ ಹತ್ತು ಭಾಷೆಗಳ ಕಲಸುಮೇಲೋಗರ, ಬಂದರಿನವರೆಲ್ಲ ಆಡುತ್ತಾರೆ. ಬೇಳೆ ಮಾರುವ ನನಗೂ ಅಷ್ಟಿಷ್ಟು ಬರುತ್ತದೆ. ನೀಲವ್ವನಿಗೆ ಮರೆವು ಹತ್ತಿತ್ತಂತೆ. ಮೊದಲು ಹೆಸರುಗಳು ಹೋದವು, ಆಮೇಲೆ ಇಲ್ಲಿಯ ಭಾಷೆ ಹೋಯಿತು, ಹಡಗುಮಾತೂ ಹೋಯಿತು. ಉಳಿದದ್ದು ಒಂದೇ, ನಮ್ಮ ಮಾತು. ಇಡೀ ಊರಿನಲ್ಲಿ ಅದು ತಿಳಿಯುವವರು ಒಬ್ಬರೂ ಇಲ್ಲ. ದಿನವಿಡೀ ಏನೋ ಕೇಳುತ್ತಾಳೆ, ಕೂಗುತ್ತಾಳೆ, ಯಾರೂ ಓಗೊಡದಿದ್ದರೆ ಅಳುತ್ತಾಳೆ. ಹೊಟ್ಟೆ ನೋವೋ ಎಂದು ಔಷಧ ಕೊಟ್ಟರು, ಚಳಿಯೋ ಎಂದು ಕಂಬಳಿ ಹೊದಿಸಿದರು, ಅವಳು ಎಲ್ಲವನ್ನೂ ನೂಕುತ್ತಾಳೆ. ನಾನು ಪೆಟ್ಟಿಗೆಯಲ್ಲಿ ಕೂಗಿ ಕರೆದೆ. ಪೆಟ್ಟಿಗೆ ಮಾತಾಡುವುದನ್ನು ಕಂಡು ಹೆದರಿ, ಅವಳು ಅದನ್ನು ನೆಲಕ್ಕೆ ಕುಕ್ಕಿ ಒಡೆದಳಂತೆ. ಆಮೇಲೆ ಆ ಮನೆಯಿಂದ ಮಾತೇ ಬರಲಿಲ್ಲ, ಈ ಸುದ್ದಿಯನ್ನೂ ಬಂದರಿನವರು ತಮ್ಮ ಪೆಟ್ಟಿಗೆಯಲ್ಲಿ ಹೇಳಿದರು. ಆ ದಿನ ನನಗೆ ಅನ್ನ ಸೇರಲಿಲ್ಲ. ಜಗತ್ತಿನ ಆ ತುದಿಯಲ್ಲಿ ನನ್ನ ತಂಗಿ ನನ್ನ ಭಾಷೆಯಲ್ಲಿ ಏನೋ ಕೇಳುತ್ತಿದ್ದಾಳೆ, ಕೊಡುವವರಿಲ್ಲ. ಹಡಗಿನಲ್ಲಿ ಹೋದರೆ ಐದು ತಿಂಗಳು.

ನಡೆಹರಕೆ ಕೇಳಲು ನನಗೆ ಬಾಯಿ ಬರಲಿಲ್ಲ. ಊರಿಗೆಲ್ಲ ಬಾಯಿ ಮಾಡಿದವಳು ನಾನು. ಬೇಳೆಯಲ್ಲಿ ಕಲ್ಲು ಹಾಕಿದ ಎಂದು ಒಬ್ಬನಿಗೆ ಬೈದಿದ್ದೆ, ಕೋಳಿ ಹಿಕ್ಕೆ ಹಾಕಿತು ಎಂದು ಖಾಜಾಬಿಯ ಜೊತೆ ವರ್ಷಕ್ಕೆರಡು ಸಲ ಜಗಳ. ನನಗಾಗಿ ಯಾರು ನಡೆಯುತ್ತಾರೆ ಎಂದುಕೊಂಡೆ. ಭೀಮಶಾನೇ ಬಂದು ಕಟ್ಟೆಯ ಮೇಲೆ ನಿಂತು ಕೂಗಿದ. "ನಮ್ಮ ಅಕ್ಕ ಹೋಗಬೇಕಾಗ್ಯದ್ರೀ. ಆಕಿ ತಂಗಿ ಮಾತು ತಿಳಿಯೋರು ಅಲ್ಲಿ ಯಾರೂ ಇಲ್ಲ. ಯಾರ್ಯಾರು ಬರ್ತೀರಿ, ಬರ್ರಿ." ಮೊದಲು ಎದ್ದವಳು ಖಾಜಾಬಿ. "ಈ ಬಾಯಿ ಒಂದಷ್ಟು ದಿನ ಊರಾಗ ಇಲ್ದಿದ್ರ ನನ್ನ ಕೋಳಿಗೂ ನಿದ್ದಿ ಹತ್ತತದ," ಎಂದು ಚಪ್ಪಲಿ ಬಿಗಿದುಕೊಂಡಳು. ಎಲ್ಲರೂ ನಕ್ಕರು. ನಾನು ಗಿರಣಿಯ ಹಿಂದೆ ಹೋಗಿ ಅತ್ತೆ.

ಭೀಮಶಾ ಏಣಿ ಹತ್ತಿ ನೂಲು ಎಳೆದ. ಕಲಬುರಗಿಯಿಂದ ಸಮುದ್ರ ದಾಟಿ, ಆಫ್ರಿಕಾದ ಮೈಮೇಲೆ ಓರೆಯಾಗಿ ಹಾದು, ಇನ್ನೊಂದು ಸಮುದ್ರ ದಾಟಿ ನೂಲು ಪುಂತಾ ಅರೇನಾಸಿಗೆ ಮುಟ್ಟಿತು. ಕೆಳಗೆ ಹಿಡಿದರೆ ಹದಿನೆಂಟು ಸಾವಿರ ಕಿಲೋಮೀಟರು. ಅಷ್ಟು ದೂರವನ್ನು ಯಾರೂ ಯಾವತ್ತೂ ನಡೆದಿರಲಿಲ್ಲ. ಕಾರಹುಣ್ಣಿಮೆಯ ಮರುದಿನ ಶುರು ಮಾಡಿದೆವು. ಬೆಳಗಿನ ತಂಪಿನಲ್ಲಿ ಒಂದು ಸರತಿ, ಸಂಜೆ ಒಂದು ಸರತಿ. ನಡುವೆ ಗಿರಣಿ ನಡೆಯಬೇಕು, ಹೊಲ ಬಿತ್ತಬೇಕು. ಬಸುರಿಯರು ಒಂದೇ ಸುತ್ತು ನಡೆದು ಕೂತರು, ಅದನ್ನೂ ಕೂಡಿಸಿದೆವು. ನನ್ನಿಂದ ಬೈಸಿಕೊಂಡಿದ್ದ ಆ ಕಲ್ಲುಬೇಳೆಯವನೂ ಬಂದ, ನನ್ನ ಮುಖ ನೋಡದೆ ನಡೆದು ಹೋದ. ಹದಿನೈದು ಸಾವಿರ ದಾಟುವಷ್ಟರಲ್ಲಿ ಜನರ ಕಾಲು ಸೋತಿದ್ದವು. ಬಿತ್ತನೆ ಜೋರಾಗಿ ಅರ್ಧಕ್ಕರ್ಧ ಜನ ಹೊಲಕ್ಕೆ ಇಳಿದರು. ಉಳಿದ ಮೂರು ಸಾವಿರಕ್ಕೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಭೀಮಶಾ ಎರಡೂ ಸರತಿ ನಡೆದ, ನಡುಹಗಲಲ್ಲೂ ನಡೆದ. ಅವನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಸಾಕು ಬಿಡೋ ಎಂದರೆ, "ನೀ ಸುಮ್ಮನಿರಕ್ಕಾ, ನಾಳೆ ನನ್ನ ಸುಗಲಾನ ಸಲ್ವಾಗಿ ನೀ ನಡೀತಿ ಇಲ್ಲೋ?" ಎಂದ.

ಸುಗಲಾ ಅವನ ಒಬ್ಬಳೇ ಮಗಳು. ಬಡಗಣ ತುದಿಯ ತ್ರೋಮ್ಸೋ ಎಂಬ ಊರಿನಲ್ಲಿ ಬೀಜ ಕಾಯುವ ಕೆಲಸದಲ್ಲಿದ್ದಾಳೆ. ಕಾರ್ತಿಕದಲ್ಲಿ ಅವಳ ಮೊದಲ ಹೆರಿಗೆ. ಮೈ ಚೆನ್ನಾಗಿಲ್ಲ, ತಾಯಿ ಇಲ್ಲದ ಹುಡುಗಿ, ಅಪ್ಪ ಬರಲಿ ಎಂದು ಹೇಳಿಕಳಿಸಿದ್ದಾಳೆ. ನನ್ನದು ಮುಗಿದು ನಾನು ಮರಳಿದ ಮೇಲೆ ಅವನ ನಡೆಹರಕೆ ಎಂದು ಊರು ಒಪ್ಪಿದೆ, ಯಾಕೆಂದರೆ ಒಬ್ಬರು ಹೊರಗಿರುವಾಗ ಇನ್ನೊಬ್ಬರಿಗಾಗಿ ನಡೆಯುವ ಪದ್ಧತಿ ನಮ್ಮಲ್ಲಿಲ್ಲ.

ಬಂಡಿ ಬಂತು. ಎರಡು ಹಗಲು ಎರಡು ರಾತ್ರಿಯ ದಾರಿ, ನಡುವೆ ಒಂದು ಬೋಳು ದ್ವೀಪದಲ್ಲಿ ಎಣ್ಣೆ ತುಂಬಿಸುವುದು. ನೀವು ಇಷ್ಟು ದೂರವನ್ನು ಒಂದು ದಿನದೊಳಗೆ ದಾಟುತ್ತಿದ್ದಿರಂತೆ, ಮತ್ತು ಎರಡು ಗಂಟೆ ತಡವಾದರೆ ನಿಲ್ದಾಣದವರ ಮೇಲೆ ಹರಿಹಾಯುತ್ತಿದ್ದಿರಂತೆ. ನಿಮ್ಮಲ್ಲೂ ನನ್ನಂಥ ಬಾಯಿಯವರು ಇದ್ದರು ಎಂದು ಸಮಾಧಾನ. ಆಫ್ರಿಕಾದ ಕಾಡು, ಆನೆ ಕಂಡರೆ ನೋಡಿ ಬಂದು ಹೇಳಬೇಕೆಂದು ಊರಿನವರು ಹೇಳಿದ್ದರು. ನಾನು ಕಿಟಕಿಗೆ ಹಣೆ ಹಚ್ಚಿ ಕೂತೆ. ನೀರು ಬಿಟ್ಟರೆ ಏನೂ ಕಾಣಲಿಲ್ಲ. ಎರಡನೆಯ ಹಗಲು ಕೆಳಗೆ ಸಮುದ್ರವೆಲ್ಲ ಬೆಳ್ಳಗಾಗಿ ಒಡೆದುಕೊಂಡಿತ್ತು, ನಿಮ್ಮ ಕಾಲದಿಂದ ಉಳಿದುಬಂದ ಮಂಜುಗಡ್ಡೆಯೆಂದು ಬಂಡಿಯವರು ಹೇಳಿದರು. ದಾರಿ ತಪ್ಪಿತೇ ಎಂದು ಗಾಬರಿಯಾಗಿ ಕೇಳಿದೆ. ಇದೇ ದಾರಿ ಎಂದರು. ನನಗೆ ಅರ್ಥವಾಗಲಿಲ್ಲ, ಆಗ ಅದನ್ನು ತಲೆಗೆ ಹಚ್ಚಿಕೊಳ್ಳುವ ಸ್ಥಿತಿಯಲ್ಲೂ ನಾನಿರಲಿಲ್ಲ.

ಇಳಿದಾಗ ಇನೆಸ್ ಗಾಳಿಯಲ್ಲಿ ನಿಂತಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು, ಕಣ್ಣು ತುಂಬಿದ್ದವು. ಅಜ್ಜಿ ಬದುಕಿದ್ದಾಳೆ, ಆದರೆ ಆರು ದಿನದಿಂದ ಮಾತು ನಿಂತಿದೆ ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನಗೆ ಹಾಗಾಯಿತು. ನೀಲವ್ವ ಉಣ್ಣೆಯ ಹಾಸಿಗೆಯ ಮೇಲೆ ಕಣ್ಣು ತೆರೆದುಕೊಂಡು ಮಲಗಿದ್ದಳು. ಐವತ್ತು ವರ್ಷದ ಹಿಂದೆ ಹಡಗು ಹತ್ತಿದ ಹುಡುಗಿಯ ಮೂಗು ಮಾತ್ರ ಹಾಗೇ ಇತ್ತು. ನಾನು ಪಕ್ಕದಲ್ಲಿ ಕೂತು ಮಾತಾಡಿದೆ. ಅಪ್ಪ ಅವ್ವನ ಸುದ್ದಿ, ಹೊಲದ ಸುದ್ದಿ, ನಾನು ಜಗಳವಾಡಿದ ಎಲ್ಲರ ಸುದ್ದಿ ಹೇಳಿದೆ. ಅವಳು ನನ್ನ ಬೆರಳು ಹಿಡಿದುಕೊಂಡಳು, ಬಿಡಲಿಲ್ಲ. ತಿಳಿದು ಹಿಡಿದಳೋ, ಬರೀ ಹಿಡಿದಳೋ, ನನಗೆ ಗೊತ್ತಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಇನೆಸ್ ನನ್ನ ಎದುರು ಕೂತಳು. ಅಜ್ಜಿ ಏನು ಕೇಳುತ್ತಿದ್ದಳೆಂದು ತನಗೆ ತಿಳಿಯಲಿಲ್ಲ, ಆದರೆ ದಿನವೂ ಕೇಳಿ ಕೇಳಿ ಆ ಸದ್ದು ಬಾಯಿಪಾಠವಾಗಿದೆ, ನೀನು ಬಂದಾಗ ಒಪ್ಪಿಸಬೇಕೆಂದು ಮರೆಯದಂತೆ ಹೇಳಿಕೊಳ್ಳುತ್ತಾ ಇದ್ದೇನೆ ಎಂದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಮುಚ್ಚಿ, ಶಾಲೆಯ ಹುಡುಗಿ ಪದ್ಯ ಒಪ್ಪಿಸುವ ಹಾಗೆ ಹೇಳಿದಳು. ಜಗತ್ತಿನ ಈ ತುದಿಯ ಹೆಣ್ಣುಮಗಳ ಬಾಯಲ್ಲಿ, ನೀಲವ್ವನ ರಾಗದಲ್ಲೇ, ನಮ್ಮ ಕಲಬುರಗಿಯ ಮಾತು ಬಂತು:

"ರೊಟ್ಟಿ ಸುಡ್ಲತ್ತದ ಅಕ್ಕಾ, ತಿರುವಿ ಹಾಕು."

ನಾವು ಚಿಕ್ಕವರಿದ್ದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದೆ. ನಾನು ಮಾತಿಗೆ ಕೂತರೆ ರೊಟ್ಟಿ ಮರೆಯುತ್ತಿದ್ದೆ, ಅವಳು ಕೂಗುತ್ತಿದ್ದಳು. ಅಷ್ಟೇ. ಅವಳಿಗೆ ನೋವಿರಲಿಲ್ಲ, ಚಳಿಯಿರಲಿಲ್ಲ. ಅವಳು ನಮ್ಮ ಮನೆಯ ಒಲೆಯ ಮುಂದೆ ಇದ್ದಳು, ಮತ್ತು ನನ್ನನ್ನು ಕರೆಯುತ್ತಿದ್ದಳು. ನಾನು ನಕ್ಕುಬಿಟ್ಟೆ, ಆಮೇಲೆ ತಡೆಯಲಾರದಷ್ಟು ಅತ್ತೆ. ಹ್ಞೂಂ, ತಿರುವಿದೆ ಎಂದು ಒಂದೇ ಒಂದು ಮಾತು ಹೇಳಿದ್ದರೆ ಅವಳು ಸುಮ್ಮನಾಗುತ್ತಿದ್ದಳು. ಅಷ್ಟು ಹೇಳುವವರು ಇಡೀ ಊರಿನಲ್ಲಿ ಇರಲಿಲ್ಲ. ಇನೆಸಳಿಗೆ ಅರ್ಥ ಬಿಡಿಸಿ ಹೇಳಿದೆ. ಅವಳು ಎದ್ದು ಹೋಗಿ ನಾನು ಊರಿಗೆ ಹೋಗಲು ನಡೆಯಬೇಕೆಂದು ತನ್ನ ಜನರನ್ನು ಕರೆದಳು.

ಇಲ್ಲಿಯವರು ದೂರ ಅಳೆಯುವುದನ್ನು ನಾನು ನೋಡಿದ್ದು ಆಗ. ಇವರ ಹತ್ತಿರ ಗೋಡೆಯ ನಕಾಶೆ ಇಲ್ಲ. ಚರ್ಮದ ಒಂದು ದೊಡ್ಡ ಚೆಂಡಿದೆ, ಒಳಗೆ ಉಣ್ಣೆ ತುಂಬಿದ್ದು, ಮೇಲೆ ಜಗತ್ತಿನ ಚಿತ್ರ. ಇನೆಸ್ ಈ ಊರಿನ ಮೇಲೆ ಒಂದು ಬೆರಳು, ಕಲಬುರಗಿಯ ಮೇಲೆ ಒಂದು ಬೆರಳು ಇಟ್ಟು ನೂಲನ್ನು ಬಿಗಿ ಮಾಡಿದಳು. ನೂಲು ಆಫ್ರಿಕಾದ ಹತ್ತಿರವೂ ಸುಳಿಯಲಿಲ್ಲ. ತಾನಾಗಿಯೇ ತೆಂಕಣಕ್ಕೆ ಜಾರಿ ಮಂಜುಗಡ್ಡೆಯ ಸಮುದ್ರದ ಮೇಲೆ ಕೂತಿತು. ನಾನು ಅದನ್ನು ಕೈಯಿಂದ ಆಫ್ರಿಕಾದ ಕಡೆ ಎಳೆದು ನೋಡಿದೆ, ನೂಲು ಸಾಲಲಿಲ್ಲ. ಎಷ್ಟು ಎಂದು ಕೇಳಿದೆ. ಹದಿನೈದು ಸಾವಿರ ಮತ್ತು ಚೂರು ಎಂದಳು. ಇನ್ನೊಮ್ಮೆ ಹಿಡಿ ಎಂದೆ, ಅಷ್ಟೇ ಬಂತು. ನಿಮ್ಮ ಬಾಗಿದ ಗೆರೆಗಳು ಆಗ ನೆನಪಾದವು, ನಾವು ರಂಗೋಲಿ ಎಂದುಕೊಂಡವು.

ನಿಮಗೆ ಲೆಕ್ಕ ಗೊತ್ತಾಯಿತಲ್ಲ? ಹದಿನೈದು ಸಾವಿರಕ್ಕೆ ನಿಲ್ಲಿಸಿದ್ದರೆ ನಾನು ಒಂಬತ್ತು ದಿನ ಮೊದಲೇ ಇಲ್ಲಿರುತ್ತಿದ್ದೆ. ಆಗ ಅವಳಿಗೆ ಮಾತಿತ್ತು. ನನ್ನನ್ನು ಕರೆಯುತ್ತಿದ್ದಳು, ನಾನು ಓಗೊಡುತ್ತಿದ್ದೆ. ಆ ಮೂರು ಸಾವಿರವನ್ನು ನನ್ನ ಜನ ಪ್ರೀತಿಯಿಂದ ನಡೆದರು, ಒಬ್ಬರೂ ಬೇಸರ ಪಟ್ಟುಕೊಳ್ಳಲಿಲ್ಲ. ಅದೇ ನನ್ನ ತಂಗಿಯ ದನಿಯನ್ನು ನನ್ನಿಂದ ಕಿತ್ತುಕೊಂಡಿತು. ಯಾರ ಮೇಲೆ ಸಿಟ್ಟಾಗಲಿ? ಸಿಟ್ಟು ಮಾಡುವುದರಲ್ಲಿ ನುರಿತವಳು ನಾನು, ಆದರೂ ಈ ಸಲ ಯಾರೂ ಸಿಗುತ್ತಿಲ್ಲ.

ನಿನ್ನೆಯವರೆಗೂ ಇದನ್ನು ಊರಿನಲ್ಲಿ ಹೇಳಬಾರದು ಎಂದೇ ಇದ್ದೆ. ನಡೆದು ಮುಗಿದ ಮೇಲೆ ಇಲ್ಲಿಯವರು ಪೆಟ್ಟಿಗೆಯಲ್ಲಿ ಕಲಬುರಗಿಗೆ ದೂರವನ್ನು ಸಾರುತ್ತಾರೆ. ಹೋಗುವಾಗ ಹದಿನೆಂಟು ಇದ್ದದ್ದು ಬರುವಾಗ ಹದಿನೈದು ಹೇಗಾಯಿತು ಎಂದು ಊರು ನನ್ನನ್ನು ಕೇಳಿಯೇ ಕೇಳುತ್ತದೆ. ಗಾಳಿ ಎಂದುಬಿಟ್ಟರೆ ಮುಗಿಯಿತು. ಗಾಳಿಯ ಬಗ್ಗೆ ಏನು ಹೇಳಿದರೂ ನಮ್ಮವರು ನಂಬುತ್ತಾರೆ. ಒಡೆದ ಹಿಮ್ಮಡಿ ಎತ್ತಿಟ್ಟುಕೊಂಡು ಕೂತಿರುವ ಭೀಮಶಾನಿಗೆ, ನಿನ್ನ ನೂಲಿನಿಂದ ನಾನು ತಡವಾದೆ ಎಂದು ಹೇಗೆ ಹೇಳಲಿ? ಅವನು ಊಟ ಬಿಡುತ್ತಾನೆ. ಅಪ್ಪನ ಕಾಲದಿಂದ, ಅಜ್ಜನ ಕಾಲದಿಂದ ಯಾರ್ಯಾರು ಹೀಗೇ ತಡವಾಗಿ ಮುಟ್ಟಿದರು ಎಂದು ಒಬ್ಬೊಬ್ಬರನ್ನೇ ನೆನೆಸಿಕೊಂಡು ಸಾಯುತ್ತಾನೆ. ನಿಮಗೆ ಹೇಳಿದರೆ ನನ್ನ ಎದೆ ಹಗುರಾಗುತ್ತದೆ, ಅವನ ಕಿವಿಗೆ ಬೀಳುವುದಿಲ್ಲ ಎಂದು ಈ ಕಾಗದ ಶುರು ಮಾಡಿದೆ, ಅದೇ ಸತ್ಯ.

ಆದರೆ ಮೂರು ದಿನದಿಂದ ಇದನ್ನು ಬರೆಯುತ್ತಾ ಬರೆಯುತ್ತಾ ಸುಗಲಾ ಕಣ್ಣಿಗೆ ಕಟ್ಟಿದಳು. ನಾನು ಊರಿನಲ್ಲಿ ಇಳಿದ ಮರುದಿನವೇ ಭೀಮಶಾ ಏಣಿ ಹತ್ತಿ ತ್ರೋಮ್ಸೋಗೆ ನೂಲು ಎಳೆಯುತ್ತಾನೆ. ನಿನ್ನೆ ಇನೆಸಳಿಗೆ ಹೇಳಿ ಚೆಂಡಿನ ಮೇಲೆ ಆ ನೂಲನ್ನೂ ಹಿಡಿಸಿ ನೋಡಿದೆ. ಬಡಗಣ ತುದಿಗೆ ಹೋದಷ್ಟೂ ನಮ್ಮ ಗೋಡೆ ಹೆಚ್ಚು ಸುಳ್ಳು ಹೇಳುತ್ತದೆ. ಅವನ ಕಾಲಿಗೆ ಸೋಲು ಬಂದಿದೆ, ಊರಿಗೂ ಬಂದಿದೆ. ಇಲ್ಲದ ಸಾವಿರಗಳನ್ನು ನಡೆಯುತ್ತಾ ಕೂತರೆ ಕಾರ್ತಿಕ ಕಳೆದುಹೋಗುತ್ತದೆ. ಅವನ ಮನಸ್ಸು ನೋಯಬಾರದೆಂದು ನಾನು ಬಾಯಿ ಮುಚ್ಚಿದರೆ, ತ್ರೋಮ್ಸೋದಲ್ಲಿ ಅವನಿಗೂ ಯಾರೋ ಕಣ್ಣು ತುಂಬಿಕೊಂಡು ನಿಂತಿರುತ್ತಾರೆ.

ಹಿಂದಿನವರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮಗಾಗಿ ಯಾರೂ ನಡೆಯಬೇಕಾಗಿಲ್ಲ. ನಿಮ್ಮವರು ಎಷ್ಟು ದೂರ ಇದ್ದರೂ ಒಂದು ದಿನದ ದಾರಿ. ದೂರ ಎಷ್ಟು, ಹೊತ್ತು ಎಷ್ಟು ಎಂದು ಕೇಳಿ ತಿಳಿದುಕೊಂಡು, ಓಹೋ ಇಷ್ಟೇನಾ ಎಂದು ಸುಮ್ಮನೆ ಕೂರಬೇಡಿ. ಅವರಿಗೆ ಮಾತು ಇರುವಾಗಲೇ ಹೊರಡಿ. ಅವರು ಕರೆಯುವುದು ಎಂಥ ಸಣ್ಣ ಕೆಲಸಕ್ಕೇ ಆಗಿರಲಿ.

ಹೊರಗೆ ಕೂಗು ಕೇಳಿತು. ನಡೆದು ಮುಗಿಯಿತಂತೆ, ಬಂಡಿಗೆ ಎಣ್ಣೆ ಹಾಕುತ್ತಿದ್ದಾರೆ. ಇನೆಸ್ ಒಂದು ಚಿಕ್ಕ ಚರ್ಮದ ಚೆಂಡು ಹೊಲಿದು ನನ್ನ ಚೀಲಕ್ಕೆ ಹಾಕಿದ್ದಾಳೆ. ನಾನು ಮನೆಗೆ ಹೋಗುವ ಮೊದಲು ಭೀಮಶಾನ ಮನೆಗೆ ಹೋಗುತ್ತೇನೆ. ಮೊದಲು ಅವನ ಕ್ಷಮೆ ಕೇಳಬೇಕೋ, ಮೊದಲು ಅವನಿಗೆ ಕ್ಷಮೆ ಕೊಡಬೇಕೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೆ. ಎರಡೂ ಬೇಡ. ಆ ಚೆಂಡನ್ನು ಅವನ ಕೈಗೆ ಕೊಟ್ಟು, ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಈಗ ಸಿಕ್ಕಿದೆ:

"ನಿನ್ನ ಸುಗಲಾ ನಾವ್ ತಿಳ್ಕೊಂಡಷ್ಟು ದೂರ ಇಲ್ಲೋ ತಮ್ಮಾ. ಏಳು, ಲಗೂನ ಮುಟ್ತಿ."